ದುಬಾರಿ ಲೆನ್ಸ್ ತಗೋಬೇಕಾ? ಕೈಯಲ್ಲೇ ಫೋಕಸ್ ಮಾಡಬೇಕಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ನನ್ನ ಹತ್ತಿರ ಕ್ಯಾನನ್ ಆರ್50 ಕ್ಯಾಮೆರಾ ಇದೆ. ಅದರ ಜೊತೆ ಬಂದ 18-45 ಎಂಎಂ ಲೆನ್ಸ್ ಬಿಟ್ಟರೆ ಬೇರೆ ಲೆನ್ಸ್ ಇಲ್ಲ. ಬೇಲೂರು, ಹಳೇಬೀಡಿನ ಶಿಲ್ಪ, ತೋಟದ ಕಾಫಿ ಹೂವು, ಮಂಜು ಮುಚ್ಚಿದ ಬೆಟ್ಟ ಇವನ್ನು ತೆಗೆಯುವುದು ಇಷ್ಟ. ನೆಂಟರ ಮದುವೆಗಳಲ್ಲೂ ತೆಗೆಯುತ್ತೇನೆ. ಆದರೆ ಫೋಟೊ ಶಾರ್ಪ್ ಬರುತ್ತಿಲ್ಲ. ಮೆಣಸು ಮಾರಿದ ದುಡ್ಡಲ್ಲಿ ಒಂದು ಒಳ್ಳೆ ಲೆನ್ಸ್ ಕೊಳ್ಳಬೇಕು ಅಂದುಕೊಂಡಿದ್ದೇನೆ. ಗೆಳೆಯರೊಬ್ಬರು, "ತಗೊಂಡ್ರೆ 50 ಎಂಎಂ ಎಫ್/1.2 ತಗೋ, ಇಲ್ಲಾಂದ್ರೆ ಝೈಸ್ ಮ್ಯಾನ್ಯುವಲ್ ಲೆನ್ಸ್ ತಗೋ. ಆಟೊಫೋಕಸ್ ಇರೋದು ಫೋಟೊ ತೆಗೆಯೋಕೆ ಬಾರದವರಿಗೆ" ಅಂತಾರೆ. ಅಷ್ಟು ದುಡ್ಡು ಹಾಕಬಹುದಾ ಸರ್?

ಉತ್ತರ: ಸದ್ಯಕ್ಕೆ ಬೇಡ. ಆ ಎಫ್/1.2 ಒಳ್ಳೆಯ ಲೆನ್ಸ್, ಜರ್ಮನಿಯ ಝೈಸ್ ಕಂಪನಿಯದ್ದೂ ಒಳ್ಳೆಯದೇ. (ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಹೆಚ್ಚು ತೆರೆಯುತ್ತದೆ, ಬೆಳಕು ಜಾಸ್ತಿ ಬರುತ್ತದೆ.) ಆದರೆ ನಿಮ್ಮ ಕ್ಯಾಮೆರಾಗೆ ಹಾಕಿ, ನೀವು ಹೇಳಿದಂಥ ಫೋಟೊ ತೆಗೆಯುವಾಗ ಆ ದುಡ್ಡಿನ ಬಹುಪಾಲು ಕೆಲಸಕ್ಕೇ ಬರುವುದಿಲ್ಲ. ಮ್ಯಾನ್ಯುವಲ್ ಫೋಕಸ್, ಅಂದರೆ ಲೆನ್ಸಿನ ಉಂಗುರ ತಿರುಗಿಸಿ ಕೈಯಲ್ಲೇ ಫೋಕಸ್ ಮಾಡುವ ವಿಷಯ ಬೇರೆ. ಅದನ್ನು ಕಲಿಯಲೇಬೇಕು ಅಂತ ನಾನೂ ಹೇಳುತ್ತೇನೆ. ಅದಕ್ಕೆ ಹೊಸ ಲೆನ್ಸ್ ಬೇಕಾಗಿಲ್ಲ. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸಿನಲ್ಲೇ ಇವತ್ತೇ ಶುರು ಮಾಡಬಹುದು. ನಿಮ್ಮ ಗೆಳೆಯರು ಈ ಎರಡು ವಿಷಯವನ್ನು ಒಂದೇ ಗಂಟು ಕಟ್ಟಿದ್ದಾರೆ. ಅದನ್ನು ಬಿಚ್ಚಿಕೊಂಡರೆ ನಿಮ್ಮ ದುಡ್ಡು ಉಳಿಯುತ್ತದೆ.

ಮೊದಲು "ಶಾರ್ಪ್ ಬರುತ್ತಿಲ್ಲ" ಅನ್ನುವ ಮಾತನ್ನೇ ಹಿಡಿದುಕೊಳ್ಳೋಣ. ಕೆಟ್ಟು ಹೋದ ಒಂದಷ್ಟು ಫೋಟೊಗಳನ್ನು ಕಂಪ್ಯೂಟರಿನಲ್ಲಿ ಪೂರ್ತಿ ಅಳತೆಗೆ, ಅಂದರೆ ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿ. ಮೊಬೈಲಿನಲ್ಲಿ ನೋಡಿದರೆ ಗೊತ್ತಾಗುವುದಿಲ್ಲ. ಫೋಟೊದಲ್ಲಿ ಇರುವುದೆಲ್ಲಾ, ಮುಂದಿನದು ಹಿಂದಿನದು ಎರಡೂ, ಒಂದೇ ದಿಕ್ಕಿಗೆ ಎಳೆದ ಹಾಗೆ ಕಂಡರೆ ಅದು ಕೈ ಅಲುಗಿದ್ದು. ದೀಪದ ಚುಕ್ಕಿ ಸಣ್ಣ ಗೀಟಾಗಿರುತ್ತದೆ, ನೋಡಿ. ಕಂಬ ಸ್ಪಷ್ಟವಾಗಿದ್ದು ಅದರ ಪಕ್ಕ ನಡೆದು ಹೋದವರು ಮಾತ್ರ ಕಲಸಿದ್ದರೆ, ಶಟರ್ (ಬೆಳಕನ್ನು ಒಳಗೆ ಬಿಟ್ಟು ಮುಚ್ಚುವ ಬಾಗಿಲು) ನಿಧಾನವಾಯಿತು ಅಂತ ಅರ್ಥ. ಶಿಲ್ಪದ ಮುಖ ಮಸುಕಾಗಿದ್ದು ಮುಂದಕ್ಕೆ ಚಾಚಿದ ಕೈಯ ಬಳೆ ಮಾತ್ರ ಎಣಿಸುವ ಹಾಗೆ ಕಾಣುತ್ತಿದ್ದರೆ, ಫೋಕಸ್ ತಪ್ಪಿದೆ. ಎಲ್ಲಾ ಕಡೆ ಮರಳು ಚೆಲ್ಲಿದಂತಿದ್ದರೆ ಐಎಸ್ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿದೆ. ಟ್ರೈಪಾಡ್ ಮೇಲಿಟ್ಟು, ಎಫ್/8ರಲ್ಲಿ, ಸರಿಯಾದ ಜಾಗಕ್ಕೇ ಫೋಕಸ್ ಮಾಡಿ ತೆಗೆದ ಫೋಟೊದಲ್ಲೂ ಮೂಲೆಗಳು ಪೇಲವವಾಗಿದ್ದರೆ, ಆಗ ಮಾತ್ರ ಅದು ಲೆನ್ಸಿನ ದೋಷ.

ನನಗೆ ಫೋಟೊ ತಂದು ತೋರಿಸುವವರಲ್ಲಿ ಹೆಚ್ಚಿನವರದ್ದು ಕೈ ಅಲುಗಿದ್ದು, ಇಲ್ಲವೇ ಫೋಕಸ್ ತಪ್ಪಿದ್ದು. ಲೆನ್ಸಿನ ಗಾಜಿನಿಂದಲೇ ಕೆಟ್ಟ ಫೋಟೊ ಅಪರೂಪ. ನಿಮ್ಮದೂ ಹಾಗೇ ಇದ್ದರೆ ಎಷ್ಟು ದುಬಾರಿ ಲೆನ್ಸ್ ತಂದರೂ ಅದೇ ತೊಂದರೆ ಮುಂದುವರಿಯುತ್ತದೆ. ಎಫ್/1.2ರಲ್ಲಿ ಫೋಕಸ್ ತಪ್ಪುವುದು ಇನ್ನೂ ಸುಲಭ. ಒಂದೂವರೆ ಮೀಟರ್ ದೂರದಲ್ಲಿ ನಿಂತ ಒಬ್ಬರ ಮುಖಕ್ಕೆ 50 ಎಂಎಂನಲ್ಲಿ ಫೋಕಸ್ ಮಾಡಿದರೆ, ನಿಮ್ಮ ಕ್ಯಾಮೆರಾದಲ್ಲಿ ಎಫ್/1.8ಕ್ಕೆ ಸುಮಾರು 6 ಸೆಂಟಿಮೀಟರ್ ಆಳದಷ್ಟು ಸ್ಪಷ್ಟವಾಗಿ ಬರುತ್ತದೆ. ಎಫ್/1.2ಕ್ಕೆ ಸಿಗುವುದು 4 ಸೆಂಟಿಮೀಟರ್. ಮೂಗಿಗೆ ಫೋಕಸ್ ಆದರೆ ಕಿವಿ ಹೋಯಿತು.

ಈಗ ಬೇಲೂರಿನ ಒಳಗೆ ಹೋಗೋಣ. ಚೆನ್ನಕೇಶವ ದೇವಸ್ಥಾನ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆ ಆದಾಗ ಅದರ ಮಂಟಪ ತೆರೆದೇ ಇತ್ತು. ಆಮೇಲೆ ಎರಡನೇ ಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಜಾಲಂಧ್ರಗಳನ್ನು, ಅಂದರೆ ತೂತು ಕೊರೆದ ಕಲ್ಲಿನ ಪರದೆಗಳನ್ನು, ಕೂರಿಸಿದರು. ಹಾಗಾಗಿ ನವರಂಗ ಅನ್ನುವ ಆ ಮಂಟಪದೊಳಗೆ ಬೆಳಕು ಸೋಸಿ ಬರುತ್ತದೆ. ಕಲ್ಲೂ ಕಪ್ಪು. ಅಲ್ಲಿ ಕಿಟ್ ಲೆನ್ಸನ್ನು 45 ಎಂಎಂಗೆ ಜೂಮ್ ಮಾಡಿದರೆ ಅಪರ್ಚರ್ ಎಫ್/6.3ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಶಟರ್ 1/8 ಸೆಕೆಂಡಿಗೆ ಇಳಿಯಿತು ಅಂತಿಟ್ಟುಕೊಳ್ಳಿ. ಆರ್50 ಬಾಡಿಯಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ, ಇರುವುದು ಲೆನ್ಸಿನಲ್ಲಿ ಮಾತ್ರ. ಅದರ ಸಹಾಯ ಇದ್ದರೂ 1/8ರಲ್ಲಿ ನಾಲ್ಕು ಹೊಡೆದರೆ ಒಂದೆರಡು ಅಲುಗುತ್ತವೆ. ಇನ್ನು ಜನ ಓಡಾಡುತ್ತಿದ್ದರೆ ಅವರನ್ನಂತೂ ಆ ವ್ಯವಸ್ಥೆ ನಿಲ್ಲಿಸುವುದಿಲ್ಲ.

ಅದೇ ಜಾಗದಲ್ಲಿ, ಅದೇ ಐಎಸ್ಒನಲ್ಲಿ, ಸಾಧಾರಣ 50 ಎಂಎಂ ಎಫ್/1.8 ಲೆನ್ಸ್ ಹಾಕಿ. ಬೆಳಕು ಸುಮಾರು 12 ಪಟ್ಟು ಜಾಸ್ತಿ ಒಳಗೆ ಬರುತ್ತದೆ. 1/8 ಇದ್ದ ಶಟರ್ 1/100ರ ಹತ್ತಿರ ಬರುತ್ತದೆ. ಅಲುಗಾಟ ಅಲ್ಲಿಗೆ ಮುಗಿಯಿತು. ಇನ್ನು ಎಫ್/1.8ನಿಂದ ಎಫ್/1.2ಕ್ಕೆ ಹೋದರೆ ಬೆಳಕು ಎಷ್ಟು ಹೆಚ್ಚುತ್ತದೆ ಗೊತ್ತಾ? ಎರಡೂಕಾಲು ಪಟ್ಟು ಅಷ್ಟೇ. ಶಟರ್ 1/200 ಆಸುಪಾಸಿಗೆ ಹೋಗುತ್ತದೆ. ಕಲ್ಲಿನ ಶಿಲ್ಪಕ್ಕೆ 1/100 ಸಾಕು, ಅದೇನೂ ಓಡಿಹೋಗುವುದಿಲ್ಲ ಅಲ್ವಾ? ಮೊದಲ ಹೆಜ್ಜೆಗೆ ಆಗುವ ಖರ್ಚಿನ ಹತ್ತು ಪಟ್ಟಿಗೂ ಜಾಸ್ತಿ ಖರ್ಚು ಎರಡನೇ ಹೆಜ್ಜೆಗೆ ಆಗುತ್ತದೆ. ನನ್ನ ಉತ್ತರದ ತಿರುಳು ಈ ಲೆಕ್ಕದಲ್ಲೇ ಇದೆ.

ಹಾಗಾದರೆ ಕಂಪನಿಯವರು ಅಷ್ಟು ದುಡ್ಡು ಯಾಕೆ ತಗೊಳ್ಳುತ್ತಾರೆ? ಸುಮ್ನೆ ಅಲ್ಲ. ಅಪರ್ಚರ್ ಪೂರ್ತಿ ತೆರೆದಾಗಲೂ ಫೋಟೊದ ಅಂಚಿನವರೆಗೆ ಸ್ಪಷ್ಟವಾಗಿ ಬರಬೇಕು, ಬೆಳಕಿನ ಎದುರು ಬಿಳಿ ಅಂಚುಗಳಿಗೆ ನೇರಳೆ ಬಣ್ಣ ಹತ್ತಬಾರದು, ಮಳೆ ಧೂಳು ಒಳಗೆ ಹೋಗಬಾರದು ಅಂದರೆ ವಿಶೇಷ ಗಾಜು ಬೇಕು, ಹೆಚ್ಚು ಗಾಜು ಬೇಕು, ಬಿಗಿಯಾದ ಜೋಡಣೆ ಬೇಕು. ತೂಕ ನೋಡಿದರೇ ತಿಳಿಯುತ್ತದೆ. ಕ್ಯಾನನ್ ಆರ್ಎಫ್ (ನಿಮ್ಮ ಕ್ಯಾಮೆರಾಗೆ ಕೂರುವ ಲೆನ್ಸ್ ಸರಣಿ) 50 ಎಂಎಂ ಎಫ್/1.8 ತೂಗುವುದು 160 ಗ್ರಾಂ. ಎಫ್/1.2 ತೂಗುವುದು 950 ಗ್ರಾಂ. ನಿಮ್ಮ ಕ್ಯಾಮೆರಾ ಬಾಡಿ ಬ್ಯಾಟರಿ ಸೇರಿ 375 ಗ್ರಾಂ. ಮುಂಭಾರವಾಗಿ ಕೈ ಸೋಲುತ್ತದೆ.

ಆ ಗುಣಗಳಲ್ಲಿ ನಿಮಗೆ ಸಿಗುವುದೆಷ್ಟು ಅಂತ ನೋಡಿ. ಆ ಲೆನ್ಸ್ ಮಾಡಿರುವುದು ಫುಲ್ ಫ್ರೇಮ್ ಕ್ಯಾಮೆರಾಗೆ, ಅಂದರೆ ದೊಡ್ಡ ಸೆನ್ಸರ್ (ಚಿತ್ರ ಮೂಡುವ ಫಲಕ) ಇರುವುದಕ್ಕೆ. ನಿಮ್ಮದು ಎಪಿಎಸ್-ಸಿ ಸೆನ್ಸರ್, ಚಿಕ್ಕದು. ಲೆನ್ಸ್ ಮೂಡಿಸುವ ಚಿತ್ರದ ನಡುಭಾಗವನ್ನು ಮಾತ್ರ ಅದು ತಗೊಳ್ಳುತ್ತದೆ. ಅಂದರೆ ಯಾವ ಮೂಲೆಗಳ ಸ್ಪಷ್ಟತೆಗೆ ದುಡ್ಡು ಕೊಟ್ಟಿರಿ, ಆ ಮೂಲೆಗಳು ನಿಮ್ಮ ಫೋಟೊದಲ್ಲಿ ಇರುವುದೇ ಇಲ್ಲ. ಮಳೆಗೆ ತಡೆ ಇದೆ, ನಿಜ. ಆದರೆ ಆರ್50 ಬಾಡಿಗೆ ಆ ತಡೆ ಇಲ್ಲ. ಲೆನ್ಸ್ ನೆನೆಯದಿದ್ದರೂ ಬಾಡಿಗೆ ನೀರು ಇಳಿಯುತ್ತದೆ. ಇನ್ನು ಹಳೇಬೀಡಿನ ಹೊರಗೋಡೆಯ ಆನೆ, ಕುದುರೆ, ಬಳ್ಳಿಯ ಸಾಲುಗಳನ್ನು ಹಗಲು ಬೆಳಕಿನಲ್ಲಿ ಎಫ್/8ರಲ್ಲಿ ತೆಗೆದರೆ, ಅಗ್ಗದ 50ಕ್ಕೂ ದುಬಾರಿ 50ಕ್ಕೂ ವ್ಯತ್ಯಾಸ ಹುಡುಕಬೇಕು. ಅಲ್ಲಿ ಫೋಟೊ ಚೆನ್ನಾಗಿ ಬರುವುದು ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಿಂದ. ಬಳಪದ ಕಲ್ಲಿನ ಕೆತ್ತನೆ ಎಷ್ಟು ಆಳ ಅಂತ ಆ ಬಿಸಿಲೇ ತೋರಿಸುತ್ತದೆ. ನಡು ಮಧ್ಯಾಹ್ನ ಹೋದರೆ ಯಾವ ಲೆನ್ಸೂ ಅದನ್ನು ಕೊಡುವುದಿಲ್ಲ.

ದುಬಾರಿ ಲೆನ್ಸ್ ನಿಜವಾಗಿ ಬೇಕಾಗುವವರೂ ಇದ್ದಾರೆ. ಮದುವೆ ಫೋಟೊದಿಂದಲೇ ಸಂಸಾರ ನಡೆಸುವವರು, ಭದ್ರಾ ಹಿನ್ನೀರಿನಲ್ಲಿ ದೋಣಿ ಮೇಲೆ ಕೂತು ರಿವರ್ ಟರ್ನ್ ಹಕ್ಕಿ ಹಾರುವುದನ್ನು ಹಿಡಿಯುವವರು, ಜುಲೈ ಮಳೆಯಲ್ಲಿ ಬಿಸಿಲೆ ಕಡೆ ಕಾಡಿಗೆ ಹೋಗುವವರು. ಇವರಿಗೆ ಬೇಗ ಫೋಕಸ್ ಆಗುವ ಮೋಟರ್, ಮಳೆಗೆ ತಡೆ, ಕತ್ತಲಲ್ಲಿ ಬೆಳಕು ಎಲ್ಲವೂ ದಿನಾ ಬೇಕು. ಅವರು ಕೊಟ್ಟ ದುಡ್ಡು ದುಡಿಯುತ್ತದೆ. ನಿಮ್ಮ ಪಟ್ಟಿಯಲ್ಲಿ ಇವು ಯಾವುವೂ ಇಲ್ಲ.

ಇನ್ನು ಮ್ಯಾನ್ಯುವಲ್ ಫೋಕಸ್. "ಆಟೊಫೋಕಸ್ ಬಾರದವರಿಗೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1985ರಲ್ಲಿ ಮಿನೋಲ್ಟಾ 7000 ಕ್ಯಾಮೆರಾ ಬಂದ ಮೇಲೆ ಎಸ್ಎಲ್ಆರ್ (ಒಳಗೆ ಕನ್ನಡಿ ಇರುವ) ಕ್ಯಾಮೆರಾಗಳಲ್ಲಿ ಆಟೊಫೋಕಸ್ ಬೇರೂರಿತು. ಅದಕ್ಕೆ ಮುಂಚೆ ಹೆಚ್ಚುಕಡಿಮೆ ಎಲ್ಲರೂ ಕೈಯಲ್ಲೇ ಮಾಡುತ್ತಿದ್ದರು, ಯಾಕೆಂದರೆ ಬೇರೆ ದಾರಿ ಇರಲಿಲ್ಲ. ಧಾರೆ ಎರೆಯುವಾಗ ಮದುಮಗಳ ಕಣ್ಣಂಚಿನಲ್ಲಿ ನೀರು ಬರುತ್ತದೆ, ಪಕ್ಕದಲ್ಲಿ ಅಮ್ಮ ಸೆರಗು ಬಾಯಿಗೆ ಹಿಡಿಯುತ್ತಾರೆ. ಆ ಎರಡು ಸೆಕೆಂಡಿನಲ್ಲಿ ಉಂಗುರ ತಿರುಗಿಸುತ್ತಾ ಕೂತರೆ ಫೋಟೊ ಹೋಯಿತು. ನಿಮ್ಮ ಆರ್50 ಕಣ್ಣನ್ನೇ ಹುಡುಕಿ ಹಿಡಿಯುತ್ತದೆ. ಮದುವೆಯಲ್ಲಿ, ಮಕ್ಕಳು ಆಡುವಾಗ, ಹಕ್ಕಿ ಹಾರುವಾಗ ಅದನ್ನು ಧಾರಾಳವಾಗಿ ಬಳಸಿ.

ಆದರೆ ಆಟೊಫೋಕಸ್ ಕೈಕೊಡುವ ಜಾಗಗಳೂ ಇವೆ. ನಮ್ಮ ಕಡೆ ಅಂಥವು ಬೇರೆ ಕಡೆಗಿಂತ ಜಾಸ್ತಿ. ಅದು ಬೆಳಕು ಕತ್ತಲಿನ ಅಂಚುಗಳನ್ನು ನೋಡಿ ಕೆಲಸ ಮಾಡುವಂಥದ್ದು. ಮುಳ್ಳಯ್ಯನಗಿರಿಯಲ್ಲಿ ಮಂಜು ಮುಚ್ಚಿದಾಗ ಹಿಡಿಯಲು ಅಂಚೇ ಇರುವುದಿಲ್ಲ. ಲೆನ್ಸ್ ಹಿಂದೆ ಮುಂದೆ ಓಡಾಡಿ ಸುಸ್ತಾಗುತ್ತದೆ. ಕಾಫಿ ಗಿಡದ ರೆಂಬೆಗಳ ಸಂದಿಯಿಂದ ಆಚೆ ನಿಂತವರನ್ನು ತೆಗೆಯುವಾಗ ಅದು ಮುಂದಿನ ಎಲೆಯನ್ನೇ ಹಿಡಿಯುತ್ತದೆ. ಜಾಲಂಧ್ರದ ಆಚೆ ಬೆಳಕಿನಲ್ಲಿ ನಿಂತವರನ್ನು ತೆಗೆಯಲು ಹೋದರೆ ಜಾಲಂಧ್ರಕ್ಕೇ ಫೋಕಸ್. ಹೊಯ್ಸಳರ ಶಿಲ್ಪಗಳಲ್ಲೂ ಇದೇ ಕಥೆ. ಕಲ್ಲನ್ನು ಒಳಗೆ ಒಳಗೆ ಕೊರೆದು ಬಳ್ಳಿ, ಸರ, ಬೆರಳು ಎಲ್ಲವನ್ನೂ ಮುಂದಕ್ಕೆ ತಂದಿದ್ದಾರೆ. ಕ್ಯಾಮೆರಾಗೆ ಮೊದಲು ಸಿಗುವುದು ಅವೇ. ನಮಗೆ ಬೇಕಾದ ಮುಖ ಹಿಂದೆ ಉಳಿಯುತ್ತದೆ. ಇಲ್ಲೆಲ್ಲಾ ವಸ್ತು ಅಲುಗುವುದಿಲ್ಲ, ನಿಮಗೆ ಸಮಯ ಇದೆ. ಕೈಯಲ್ಲೇ ಮಾಡಿ.

ಮಾಡುವ ರೀತಿ ಹೇಳುತ್ತೇನೆ. ಲೆನ್ಸಿನಲ್ಲಿ ಸ್ವಿಚ್ ಇಲ್ಲದಿದ್ದರೆ ಕ್ಯಾಮೆರಾ ಮೆನುವಿನಲ್ಲಿ ಎಂಎಫ್ (ಮ್ಯಾನ್ಯುವಲ್ ಫೋಕಸ್) ಆಯ್ಕೆ ಮಾಡಿ. ಎಲ್ಲಕ್ಕಿಂತ ಮೊದಲು, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಪಕ್ಕದ ಡಯಾಪ್ಟರ್ ಸರಿ ಮಾಡಿಕೊಳ್ಳಿ. ಒಳಗೆ ಕಾಣುವ ಅಕ್ಷರಗಳು ನಿಮ್ಮ ಕಣ್ಣಿಗೆ ಚೂಪಾಗಿ ಕಾಣುವವರೆಗೆ ಹೊಂದಿಸಿ. ಕನ್ನಡಕ ಹಾಕುವವರು ಇದನ್ನು ಮರೆತು, ಲೆನ್ಸ್ ಸರಿ ಇಲ್ಲ ಅಂತ ಅಂಗಡಿಗೆ ಓಡಿದ್ದನ್ನು ನೋಡಿದ್ದೇನೆ. ಆಮೇಲೆ ಬೇಕಾದ ಜಾಗವನ್ನು ತೆರೆಯ ಮೇಲೆ ದೊಡ್ಡದು ಮಾಡಿ. ಶಿಲ್ಪವಾದರೆ ಕಣ್ಣಿನ ರೆಪ್ಪೆಯ ಗೆರೆ. ಉಂಗುರವನ್ನು ನಿಧಾನ ತಿರುಗಿಸಿ. ಸ್ಪಷ್ಟವಾಯಿತು ಅಂತ ಕಂಡ ತಕ್ಷಣ ನಿಲ್ಲಿಸಬೇಡಿ. ತಂಬೂರಿ ಶ್ರುತಿ ಮಾಡುವವರ ಹಾಗೆ ಸ್ವಲ್ಪ ದಾಟಿಸಿ, ಕೆಡುವುದನ್ನು ನೋಡಿ, ವಾಪಸ್ ಬನ್ನಿ. ಸರಿಯಾದ ಜಾಗ ಯಾವುದು ಅಂತ ಆಗ ಅನುಮಾನ ಉಳಿಯುವುದಿಲ್ಲ. ಫೋಕಸ್ ಆದ ಅಂಚುಗಳಿಗೆ ಬಣ್ಣ ಬಳಿದು ತೋರಿಸುವ ಪೀಕಿಂಗ್ ಅನ್ನುವ ಸೌಲಭ್ಯವೂ ನಿಮ್ಮ ಕ್ಯಾಮೆರಾದಲ್ಲಿದೆ. ಎಫ್/8ಕ್ಕೆ ಅದು ಸಾಕು. ಎಫ್/1.8ರಲ್ಲಿ ಅದನ್ನೇ ನಂಬಬೇಡಿ, ಬಣ್ಣದ ಪಟ್ಟಿ ದಪ್ಪವಾಗಿರುತ್ತದೆ, ನಿಜವಾದ ಫೋಕಸ್ ಅದರೊಳಗೆ ಎಲ್ಲೋ ಇರುತ್ತದೆ.

ಬೆಟ್ಟದ ಮಂಜಿಗೆ ಬೇರೆ ಉಪಾಯ. ಕಿಟ್ ಲೆನ್ಸನ್ನು 18 ಎಂಎಂಗೆ ಇಟ್ಟು, ಎಫ್/8ರಲ್ಲಿ, ಸುಮಾರು ಎರಡು ಮೀಟರ್ ದೂರದ ಕಲ್ಲಿಗೋ ಹುಲ್ಲಿಗೋ ಫೋಕಸ್ ಮಾಡಿ ಬಿಡಿ. ಒಂದು ಮೀಟರ್ ಆಚೆಯಿಂದ ಹಿಡಿದು ದೂರದ ಗುಡ್ಡದ ಸಾಲಿನವರೆಗೆ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಆಮೇಲೆ ಮಂಜು ಬರಲಿ ಹೋಗಲಿ, ಉಂಗುರ ಮುಟ್ಟುವ ಕೆಲಸ ಇಲ್ಲ. ಒಂದು ಎಚ್ಚರ ಮಾತ್ರ ಇರಲಿ. ಈಗಿನ ಲೆನ್ಸುಗಳಲ್ಲಿ ಉಂಗುರಕ್ಕೂ ಗಾಜಿಗೂ ನೇರ ಸಂಬಂಧ ಇಲ್ಲ. ನೀವು ಉಂಗುರ ತಿರುಗಿಸಿದಾಗ ಮೋಟರ್ ಗಾಜನ್ನು ಸರಿಸುತ್ತದೆ. ಕ್ಯಾಮೆರಾ ಆಫ್ ಆಗಿ ಮತ್ತೆ ಆನ್ ಆದರೆ ಇಟ್ಟ ಫೋಕಸ್ ಬದಲಾಗಿರಬಹುದು. ಮತ್ತೊಮ್ಮೆ ನೋಡಿಕೊಳ್ಳಿ.

ಕಾಫಿ ಹೂವಿನ ವಿಷಯಕ್ಕೆ ಬಂದರೆ ಮ್ಯಾನ್ಯುವಲ್ ಫೋಕಸ್ ಬಿಟ್ಟು ನನಗೆ ಬೇರೆ ದಾರಿ ಕಾಣುವುದಿಲ್ಲ. ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಎರಡು ಮೂರು ದಿನಕ್ಕೆ ಹೂ ಬಾಡಲು ಶುರುವಾಗುತ್ತದೆ. ನಿಮಗೆ ನಾನು ಹೇಳಬೇಕಾಗಿಲ್ಲ. ಆ ಎರಡು ಬೆಳಗ್ಗೆ, ಗಾಳಿ ಏಳುವ ಮುಂಚೆ ಕೆಲಸ ಆಗಬೇಕು. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸಿನಲ್ಲಿ ಹೂವಿನ ನಿಜ ಗಾತ್ರದ ಅರ್ಧದಷ್ಟು ಸೆನ್ಸರ್ ಮೇಲೆ ಬರುವಷ್ಟು ಹತ್ತಿರ ಹೋದರೆ, ಎಫ್/8ರಲ್ಲೂ ಸ್ಪಷ್ಟವಾಗುವ ಆಳ 2 ಮಿಲಿಮೀಟರ್ ಮಾತ್ರ. ಕೇಸರ ಸಿಕ್ಕರೆ ಹಿಂದಿನ ದಳ ಸಿಗುವುದಿಲ್ಲ. ಆಟೊಫೋಕಸ್ ಆ ಗೊಂಚಲಿನಲ್ಲಿ ಯಾವ ದಳ ಹಿಡಿಯುತ್ತದೋ ದೇವರೇ ಬಲ್ಲ. ಹಾಗಾಗಿ ಉಂಗುರವನ್ನು ಒಂದು ಕಡೆ ಇಟ್ಟುಬಿಡಿ. ಅದನ್ನು ಮುಟ್ಟದೆ, ನೀವೇ ಮೈಯನ್ನು ಕೂದಲೆಳೆಯಷ್ಟು ಮುಂದಕ್ಕೆ ಹಿಂದಕ್ಕೆ ಮಾಡಿ, ಒಂದೇ ಸಮನೆ ನಾಲ್ಕೈದು ಫೋಟೊ ಹೊಡೆಯಿರಿ. ಅದರಲ್ಲಿ ಒಂದು ಕೂರುತ್ತದೆ. ಟ್ರೈಪಾಡ್ ಇದ್ದರೆ ಇನ್ನೂ ಒಳ್ಳೆಯದು. ಹೂ ಗೊಂಚಲಿಗೆ ಕ್ಯಾಮೆರಾವನ್ನು ಸಮಾನಾಂತರವಾಗಿ ಹಿಡಿದರೆ ಆ 2 ಮಿಲಿಮೀಟರಿನೊಳಗೆ ಹೆಚ್ಚು ದಳಗಳು ಸೇರುತ್ತವೆ. ಬಿಳಿ ದಳದ ಅಂಚಿಗೆ ನೇರಳೆ ಬಣ್ಣ ಹತ್ತಿದರೆ ಅಪರ್ಚರ್ ಇನ್ನೊಂದೆರಡು ಹೆಜ್ಜೆ ಕಿರಿದು ಮಾಡಿ, ಸಾಕಷ್ಟು ಕಡಿಮೆಯಾಗುತ್ತದೆ.

ಝೈಸ್ ಬಗ್ಗೆ ಒಂದು ಮಾತು. 2013ರಲ್ಲಿ ಬಂದ ಅವರ ಒಟಸ್ 55 ಎಂಎಂ ಎಫ್/1.4ರ ಬೆಲೆ ಸುಮಾರು 4,000 ಡಾಲರ್ ಇತ್ತು, ಅದಕ್ಕೆ ಆಟೊಫೋಕಸ್ ಇರಲಿಲ್ಲ. ಮೋಟರ್ ಇಲ್ಲದಿದ್ದರೆ ಭಾರದ ಗಾಜನ್ನೂ ಬಿಗಿಯಾಗಿ ಕೂರಿಸಬಹುದು, ಉಂಗುರ ಉದ್ದಕ್ಕೆ ತಿರುಗುವ ಹಾಗೆ ಮಾಡಬಹುದು, ಆಗ ಸಣ್ಣ ಹೊಂದಾಣಿಕೆಯೂ ಸುಲಭ. ಅಂಥ ಉಂಗುರ ತಿರುಗಿಸುವ ಸುಖ ಬೇರೆಯೇ, ನಿಮ್ಮ ಗೆಳೆಯರ ಪ್ರೀತಿ ನನಗೆ ಅರ್ಥವಾಗುತ್ತದೆ. ಆ ಸುಖವೇ ಬೇಕಿದ್ದರೆ ಹಳೆಯ ಫಿಲ್ಮ್ ಕಾಲದ 50 ಎಂಎಂ ಲೆನ್ಸ್ ಒಂದನ್ನು ಹುಡುಕಿ. ಪೆಂಟ್ಯಾಕ್ಸ್, ನಿಕಾನ್, ಮಿನೋಲ್ಟಾ ಯಾವುದಾದರೂ ಸರಿ. ಯಾರದ್ದಾದರೂ ಮನೆಯ ಬೀರುವಿನಲ್ಲಿ ಹಳೇ ಕ್ಯಾಮೆರಾ ಜೊತೆ ಇರಬಹುದು. ಮಿರರ್‌ಲೆಸ್ ಕ್ಯಾಮೆರಾದಲ್ಲಿ (ಒಳಗೆ ಕನ್ನಡಿ ಇಲ್ಲದ್ದು, ನಿಮ್ಮದೂ ಅದೇ) ಲೆನ್ಸಿಗೂ ಸೆನ್ಸರಿಗೂ ಅಂತರ ಕಡಿಮೆ, ಹಾಗಾಗಿ ಹಳೆ ಲೆನ್ಸನ್ನು ಜೋಡಿಸಲು ಗಾಜಿಲ್ಲದ ಸಾದಾ ಅಡಾಪ್ಟರ್ ಸಾಕು. ಶಟರ್ ಬೀಳದಿದ್ದರೆ ಗಾಬರಿ ಬೇಡ. ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಮೆನುವಿನಲ್ಲಿರುತ್ತದೆ, ಅದನ್ನು ಆನ್ ಮಾಡಿ. ಕೊಳ್ಳುವ ಮುಂಚೆ ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಫಂಗಸ್ ಹಿಡಿದಿದೆ, ಬಿಟ್ಟುಬಿಡಿ. ಅಪರ್ಚರ್ ಎಸಳುಗಳ ಮೇಲೆ ಎಣ್ಣೆ ಪಸೆ ಇದ್ದರೂ ಬೇಡ.

ಏನು ಕೊಳ್ಳಬೇಕು ಅಂತ ನೇರವಾಗಿ ಹೇಳುವುದಾದರೆ, ಮೊದಲು ಆರ್ಎಫ್ 50 ಎಂಎಂ ಎಫ್/1.8. ದೇವಸ್ಥಾನದ ಒಳಗೆ, ಮನೆಯ ಸಮಾರಂಭಕ್ಕೆ ಅದು ಸಾಕು. ಅದರಲ್ಲಿ ಅಲುಗಾಟ ತಡೆ ಇಲ್ಲ, ಹಾಗಾಗಿ ಶಟರ್ 1/100ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ. ಕಾಫಿ ಹೂವಾಗುವ ಮುಂಚೆ ಆರ್ಎಫ್ 85 ಎಂಎಂ ಎಫ್/2 ಮ್ಯಾಕ್ರೊ ತನ್ನಿ. ಅರ್ಧ ಗಾತ್ರದ ಮ್ಯಾಕ್ರೊ, ಅಲುಗಾಟ ತಡೆಯೂ ಇದೆ. ಬೇಲೂರಿನ ಮದನಿಕೆಯರು ಸೂರಿನ ಕೆಳಗೆ ಎತ್ತರದಲ್ಲಿದ್ದಾರೆ, ಕಿಟ್ ಲೆನ್ಸಿಗೆ ಚಿಕ್ಕದಾಗಿ ಸಿಗುತ್ತಾರೆ. ನಿಮ್ಮ ಸೆನ್ಸರಿನಲ್ಲಿ 85 ಎಂಎಂ ಫುಲ್ ಫ್ರೇಮಿನ 136 ಎಂಎಂ ಹಾಗೆ ಕೆಲಸ ಮಾಡುತ್ತದೆ, ಅವರ ಮುಖ ಕೈಗೆಟುಕುತ್ತದೆ. ಆಟೊಫೋಕಸ್ ಸ್ವಲ್ಪ ನಿಧಾನ. ಶಿಲ್ಪಕ್ಕೂ ಹೂವಿಗೂ ಕೈಯಲ್ಲೇ ಮಾಡುವುದರಿಂದ ನಿಮಗೆ ಅದು ತೊಂದರೆಯಲ್ಲ. ಎರಡೂ ಸೇರಿದರೂ ಎಫ್/1.2ರ ಬೆಲೆಯ ಅರ್ಧಕ್ಕೆ ಬರುವುದಿಲ್ಲ. ಮಿಕ್ಕಿದ್ದರಲ್ಲಿ ಗಟ್ಟಿ ಟ್ರೈಪಾಡ್ ಒಂದು, ಅದು ತೋಟಕ್ಕೆ ಮತ್ತು ಬೆಟ್ಟಕ್ಕೆ. ಬೇಲೂರು, ಹಳೇಬೀಡು ಎರಡೂ ಪುರಾತತ್ವ ಇಲಾಖೆಯ ಸ್ಮಾರಕಗಳು, ಅಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. ಒಳಗೆ ಎಲ್ಲೆಲ್ಲಿ ಫೋಟೊ ತೆಗೆಯಬಹುದು ಅಂತಲೂ ಅಲ್ಲಿನವರನ್ನು ಕೇಳಿಕೊಳ್ಳಿ.

ಲೆನ್ಸ್ ತರುವ ದಿನವೇ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ಮೂರನ್ನೂ ತನ್ನಿ. ಮೂಡಿಗೆರೆ ಮಳೆಗಾಲದಲ್ಲಿ ಬಟ್ಟೆ ಬೀರುವಿನಲ್ಲೋ ಚರ್ಮದ ಚೀಲದಲ್ಲೋ ಇಟ್ಟ ಲೆನ್ಸಿಗೆ ಬೂಷ್ಟು ಹಿಡಿಯುವುದು ಖಂಡಿತ. ಅದು ಗಾಜಿನ ಲೇಪವನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ. ಡಬ್ಬಿಯೊಳಗಿನ ತೇವ 40ರಿಂದ 50 ಪರ್ಸೆಂಟ್ ನಡುವೆ ಇರಲಿ. ಜೆಲ್ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಮಳೆ ಹಿಡಿದು ಹೊರಗೆ ಹೋಗಲಾಗದ ದಿನಗಳಲ್ಲೂ ಆಗಾಗ ಲೆನ್ಸ್ ಹೊರಗೆ ತೆಗೆದು, ಮನೆಯೊಳಗೇ ಉಂಗುರ ತಿರುಗಿಸಿ ಅಭ್ಯಾಸ ಮಾಡಿ.